ಶುಕ್ರವಾರದ ಮುಳ್ಳು

ಹಣವನ್ನು ನೀರಿನಂತೆ ಚೆಲ್ಲಿದ ಅನ್ನುವ ಮಾತು
ಝರ್ಕಾದಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.
ಇಲ್ಲಿ ನಳ ವಾರಕ್ಕೊಮ್ಮೆ ಕೆಮ್ಮುತ್ತದೆ,
ಉಳಿದ ದಿನ ಟ್ಯಾಂಕರಿನ ಹಾರ್ನಿಗೆ
ಜೇಬು ತಾನಾಗಿ ಬಾಯಿ ತೆರೆಯುತ್ತದೆ.

ನನ್ನದು ಲಾಂಡ್ರಿ. ಅಪ್ಪನ ಕಾಲದ್ದು.
ಎರಡು ಹೋಟೆಲಿನ ಹಾಸು ಹೊದಿಕೆ, ಒಂದು ಹೆರಿಗೆ ಆಸ್ಪತ್ರೆಯದು,
ರಂಜಾನಿಗೆ ಮುಂಚೆ ಓಣಿಯ ಪರದೆಗಳೆಲ್ಲ.
ಸೋಪಿನ ಲೆಕ್ಕ ಗೊತ್ತಿತ್ತು, ಗಂಜಿಯದು, ಡೀಸೆಲಿನದು,
ಗುಂಡಿ ಕಿತ್ತ ಅಂಗಿಗೆ ಕೊಟ್ಟ ಪರಿಹಾರದ್ದೂ.
ನೀರು ಮಾತ್ರ ಪುಸ್ತಕದ ಕೊನೆಗೆ, "ಇತರೆ"ಯ ಕೆಳಗೆ,
ಕರೆಯದೆ ಬಂದು ಉಂಡು ಹೋಗುವ ನೆಂಟನ ಹಾಗೆ.

ಆ ಬೇಸಿಗೆ "ಇತರೆ" ಬಾಡಿಗೆಯನ್ನೇ ಮೀರಿತು.
ಒಬ್ಬನನ್ನು ತೆಗೆಯಬೇಕು, ಸಬ್ರಿಯನ್ನೋ
ಇಸ್ತ್ರಿಯ ಫವ್ವಾಜನನ್ನೋ, ರಾತ್ರಿಯೆಲ್ಲ ತೂಗಿದೆ.
ಹೆಂಡತಿ ಅಂದಳು: ಮೊದಲು ರುದೈನಾಳನ್ನು ಕರೆ.

ಹೆಂಗಸು. ಪ್ಲಂಬರು. ಸೊಂಟದಲ್ಲಿ ಸ್ಪ್ಯಾನರು,
ಕೈಯಲ್ಲಿ ದಾಸವಾಳದ ಷರಬತ್ತಿನ ಸೀಸೆ.
ಕುಡಿಯುತ್ತಾಳೆ ಅಂದುಕೊಂಡೆ.
ಕೆಲಸದವರ ಕಕ್ಕಸಿನ ಫ್ಲಶ್ ಟ್ಯಾಂಕಿಗೆ ಸುರಿದಳು. ಕಾಯಿ, ಅಂದಳು.
ಎರಡು ಲೋಟ ಚಹಾದಷ್ಟು ಹೊತ್ತು.
ಯಾರೂ ಮುಟ್ಟದ ಬೋಗುಣಿಯಲ್ಲಿ
ಮೆಲ್ಲಗೆ ಕೆಂಪು ಇಳಿಯಿತು.
"ಇದು ಚಿಲ್ಲರೆ. ನೋಟು ಬೇರೆ ಕಡೆ ಹೋಗುತ್ತಿದೆ."

ತೊಟ್ಟಿಯ ಬಾಯಿಗೆ ಪುಟ್ಟ ಮೀಟರೊಂದನ್ನು ಕೂರಿಸಿ
ಗುರುವಾರ ಸಂಜೆ ಅಂಕಿಯನ್ನು ನನ್ನಿಂದಲೇ ಬರೆಸಿದಳು,
ನನ್ನ ಅಂಗೈ ಮೇಲೆ,
ಐದು ಹೊತ್ತು ಕೈ ತೊಳೆದರೂ ಹೋಗದ ಶಾಯಿಯಲ್ಲಿ.

ಶುಕ್ರವಾರ. ಯಂತ್ರಗಳು ಮಲಗಿದ್ದವು, ಬೀಗ ಬಿದ್ದಿತ್ತು.
ನಮಾಜು ಮುಗಿಸಿ ಬಂದು ಬಗ್ಗಿ ನೋಡಿದೆ:
ಮುಳ್ಳು ತಿರುಗುತ್ತಿತ್ತು.
ಊರಿಗೆ ಊರೇ ರಜೆಯಲ್ಲಿದ್ದಾಗ
ಅದೊಂದೇ ನನ್ನ ಅಂಗಡಿಯಲ್ಲಿ ದುಡಿಯುತ್ತಿತ್ತು, ಯಾರಿಗೋ.

ಯಾರಿಗೆ?
ಗೋಡೆಯುದ್ದಕ್ಕೂ ಕಿವಿಯಿಟ್ಟು ನಡೆದಳು ರುದೈನಾ,
ಬಸುರಿಯ ಹೊಟ್ಟೆಗೆ ಕಿವಿಗೊಟ್ಟ ಸೂಲಗಿತ್ತಿ.
ಮೂಲೆಯಲ್ಲಿ ನಿಂತಳು. ಅಗೆದೆವು.
ಅಪ್ಪ ಹೂಳಿಸಿದ ಕಬ್ಬಿಣದ ಪೈಪು, ತುಕ್ಕು ತಿಂದು ಸೀಳಿತ್ತು,
ಸೀಳಿಗೆ ಬಾಯಿಟ್ಟು ಒಂದು ಹಿಡಿ ಬೇರು.
ಗೋಡೆಯಾಚೆ ಉಮ್ ಲುಬಾಬಾಳ ಅಂಜೂರದ ಮರ.

ಪ್ರತಿ ಆಗಸ್ಟಿನಲ್ಲಿ ತಟ್ಟೆ ತುಂಬ ಹಣ್ಣು ಕಳಿಸುತ್ತಿದ್ದಳು ಮುದುಕಿ.
ಎಂಥ ಧಾರಾಳಿ, ಅನ್ನುತ್ತಿದ್ದೆವು.
ಹನ್ನೆರಡು ವರ್ಷ, ನನ್ನ ನೀರನ್ನೇ
ಸಿಹಿ ಮಾಡಿ ನನಗೆ ಕೊಟ್ಟಿದ್ದಳು.

ಪೈಪು ಬದಲಾಯಿತು. ಕೊನೆಯ ಸಲ ಜಾಲಿಸಿದ ನೀರು
ಈಗ ಚರಂಡಿಗಲ್ಲ, ನೀಲಿ ಡ್ರಮ್ಮಿಗೆ, ನಾಳೆಯ ಮೊದಲ ಒಗೆತಕ್ಕೆ.
ಅರ್ಧ ತುಂಬಿದ ಯಂತ್ರದ ಗುಂಡಿ ಒತ್ತಿದವನಿಗೆ
ಎಲ್ಲರಿಗೂ ಚಹಾ ತರುವ ಶಿಕ್ಷೆ.
ಮೊದಲು ಸಿಕ್ಕಿಬಿದ್ದವನು ನಾನೇ.
ಟ್ಯಾಂಕರು ವಾರಕ್ಕೆ ಮೂರಿದ್ದದ್ದು ಒಂದಾಯಿತು.
ಸಬ್ರಿ ಉಳಿದ, ಫವ್ವಾಜನೂ;
ನಾನು ತೂಗಿದ ರಾತ್ರಿಯ ಸುದ್ದಿ ಅವರಿಗೆ ತಿಳಿಯದು.

ಜುಲೈಯಲ್ಲಿ ಗೋಡೆಯಾಚೆಯಿಂದ ಎಲೆ ಉದುರುವ ಸದ್ದು.
ಮುದುಕಿ ಏನೂ ಕೇಳಲಿಲ್ಲ. ಕೇಳಲು ಅವಳಿಗೇನು ಗೊತ್ತು?
ಮರಕ್ಕೂ ವಯಸ್ಸಾಯಿತು ನನ್ನ ಹಾಗೆ,
ಅಂದಳಂತೆ ಹೆಂಡತಿಯ ಬಳಿ.

ಇಸ್ತ್ರಿಯ ಹಬೆ ತಣಿದು ತೊಟ್ಟಿಕ್ಕುವ ನೀರು ದಿನಕ್ಕೊಂದು ಬಕೆಟ್ಟು,
ಸೋಪು ಸೋಕದ್ದು. ಬಾಯ್ಲರಿಗೇ ವಾಪಸು ಹಾಕು
ಎಂದಿದ್ದಳು ರುದೈನಾ.
ಹಾಕುತ್ತೇನೆ. ಭಾನುವಾರ, ಬುಧವಾರ ಬಿಟ್ಟು.
ಆ ಎರಡು ಸಂಜೆ ಕುರ್ಚಿ ಹತ್ತಿ
ಗೋಡೆಯ ಮೇಲಿಂದ ಬಗ್ಗಿಸುತ್ತೇನೆ, ಸದ್ದಾಗದಂತೆ.

ಪುಸ್ತಕದಲ್ಲಿ ನೀರಿಗೀಗ ಅದರದೇ ಪುಟ,
ಬಂದದ್ದು, ಹೋದದ್ದು, ಲೀಟರಿನ ತನಕ.
ಈ ಬಕೆಟ್ಟನ್ನು ಯಾವ ಸಾಲಿಗೆ ಬರೆಯಲಿ?
ಸೋರಿಕೆ ಅನ್ನುವಂತಿಲ್ಲ, ಕೈಯಾರೆ ಸುರಿದದ್ದು.
ದಾನ ಅಂದರೆ ಹನ್ನೆರಡು ತಟ್ಟೆ ಅಂಜೂರ ನಗುತ್ತವೆ.
ಪೆನ್ನು ಕಚ್ಚುತ್ತ ಕೂತು
ಕೊನೆಗೆ ಬರೆದೆ:
ಇತರೆ.