ಹೋಲ್ಡಾನ್

ಫಾರಮ್ಮಿನಲ್ಲಿ ಅರಿವಳಿಕೆ ಅಂತಿತ್ತು.
ಒಡೆದು ಓದಿದೆ: ಅರಿವು, ಅಳಿಕೆ.
ಟಾನ್ಸಿಲ್ ತೆಗೆಯೋದು ಅಂದಿದ್ದರಲ್ಲ, ಇದು ಯಾವ ಅಳಿಕೆ?

ಡಾಕ್ಟರ್ ಫಿಲೋಮಿನಾ ಕುರ್ಚಿ ಎಳೆದು ಕೂತು
ಸ್ಟೇಜು ಸ್ಟೇಜಾಗಿ ಬಿಡಿಸಿ ಹೇಳಿದರು:
ಮೊದಲು ಮಾಸ್ಕು, ಆಮೇಲೆ ನಿದ್ದೆ, ಗಂಟಲಿಗೊಂದು ಟ್ಯೂಬು,
ಎದ್ದಮೇಲೆ ವಾಂತಿ, ಗಂಟಲುನೋವು, ಸ್ವಲ್ಪ ರಂಪಾಟ.
"ಉಸಿರು ಕಟ್ಟೋದು, ಅಲರ್ಜಿ, ಅದಕ್ಕಿಂತ ಕೆಟ್ಟದ್ದು
ಇಲ್ಲವೇ ಇಲ್ಲ ಅನ್ನೋದಿಲ್ಲ. ಅಪರೂಪ."

ಅಪರೂಪ.
ಆ ಪದವನ್ನು ನಮ್ಮ ಮನೆಯಲ್ಲಿ
ಧನ್ವಿಗೆ ಮಾತ್ರ ಬಳಸುತ್ತಿದ್ದೆವು,
ಏಳು ವರ್ಷ ಕಾಯಿಸಿ ಹುಟ್ಟಿದವಳಿಗೆ.

ನೆಗಡಿ ಇದೆಯಾ? ಇಲ್ಲ.
ಹಲ್ಲು ಅಲ್ಲಾಡುತ್ತಾ? ಕೆಳಗಿನದು, ಒಂದು.
ಅದನ್ನೂ ಬರೆದುಕೊಂಡರು. ನಾನು ನಕ್ಕೆ; ಅವರು ನಗಲಿಲ್ಲ.
"ಉದುರಿ ಉಸಿರಿನ ದಾರಿಗೆ ಬೀಳಬಾರದು ನೋಡಿ."
ಕೊನೆಗೆ ಏನು ತಿಂದಳು, ಎಷ್ಟು ಹೊತ್ತಿಗೆ?

ರಾತ್ರಿ ಎಂಟಕ್ಕೆ ಅನ್ನಸಾರು, ಅಂದೆ.
ಡಿಪೋದಲ್ಲಿ ಗೋಗರೆದು ಪಡೆದ ರಜೆ,
ಕೋಣನಕುಂಟೆಯಿಂದ ಮೊದಲನೇ ಬಸ್ಸು.
ಮತ್ತೆ, ಬೆಳಗಿನ ಜಾವ ನಾಲ್ಕೂವರೆ:
ಹಸಿವು ಅಂತ ಅತ್ತಳು. ಲೈಟು ಹಾಕದೆ
ಹಾಲಲ್ಲಿ ಅದ್ದಿ ಅರ್ಧ ರಸ್ಕು.
ಅರ್ಧ ತಾನೇ.
ಅರ್ಧ ಟಿಕೆಟ್ಟಿನವಳಿಗೆ ಅರ್ಧ ರಸ್ಕು.

ಡಾಕ್ಟರು ಹೇಳುತ್ತಲೇ ಇದ್ದರು:
ಹೊಟ್ಟೆಯಲ್ಲಿದ್ದದ್ದು ನಿದ್ದೆಯಲ್ಲಿ ಮೇಲೆ ಬರುತ್ತೆ,
ಕೆಮ್ಮೋಕೆ ಎಚ್ಚರ ಇರೋದಿಲ್ಲ,
ಶ್ವಾಸಕೋಶಕ್ಕೆ ಇಳಿದುಬಿಡುತ್ತೆ.

ಹನ್ನೊಂದು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತವಳು ನಾನು.
ಸಿಕ್ಕಿಕೊಂಡ ಸೆರಗು, ಇನ್ನೂ ನೆಲದಲ್ಲೇ ಇರುವ ಒಂದು ಕಾಲು
ಡ್ರೈವರಿಗೆ ಕಾಣುವುದಿಲ್ಲ. ನನಗೆ ಕಾಣುತ್ತದೆ.
ಕೂಗಬೇಕಾದವಳು ನಾನೇ.

ಹೋಲ್ಡಾನ್, ಅಂದೆ.
ಬಾಯಿಗೆ ಬಂದದ್ದು ಅದೇ.

ಬೈಯುತ್ತಾರೆ ಅಂದುಕೊಂಡೆ. ಪೆನ್ನಿಗೆ ಕ್ಯಾಪು ಹಾಕಿ
"ಹೇಳಿದ್ರಲ್ಲ, ಸಾಕು. ಬರೋ ಗುರುವಾರ" ಅಂದರು.
ಹೊರಗೆ ಜಯನಗರದ ಎಳೆಬಿಸಿಲು.
ಧನ್ವಿ ಇಡ್ಲಿ ಕೇಳಿದಳು. ಮೂರು ತಿಂದಳು.

ಹಲ್ಲು ಮಂಗಳವಾರ ತಾನಾಗಿ ಬಿತ್ತು, ಸೀಬೆಹಣ್ಣಿನೊಳಗೆ.
ಬುಧವಾರ ರಾತ್ರಿ ರಸ್ಕಿನ ಡಬ್ಬ
ಪಕ್ಕದ ಮನೆ ಶಕೀಲಾ ಕೈಗೆ ಕೊಟ್ಟು ಬಂದೆ,
ನನ್ನನ್ನು ನಾನು ನಂಬದೆ.

ಸಹಿ ಹಾಕುವಾಗ ಕೈ ನಡುಗಲಿಲ್ಲ ಅಂದರೆ ಸುಳ್ಳು.
ಅಪರೂಪ ಅಂದರೆ ಸೊನ್ನೆ ಅಲ್ಲ,
ದಿನಾ ಚಿಲ್ಲರೆ ಎಣಿಸುವವಳಿಗೆ ಅಷ್ಟು ಗೊತ್ತು.

ಮಾಸ್ಕು ಹತ್ತಿರ ಬಂದಾಗ ನನ್ನ ಹೆಬ್ಬೆರಳು ಹಿಡಿದಿದ್ದಳು.
ಅವಳ ಬೆರಳುಗಳು ಒಂದೊಂದಾಗಿ ಇಳಿದುಹೋದವು,
ಕೊನೇ ಸ್ಟಾಪಿನಲ್ಲಿ ಇಳಿಯುವವರ ಹಾಗೆ, ಅವಸರವಿಲ್ಲದೆ.
ಡಾಕ್ಟರು ನನ್ನತ್ತ ನೋಡಿದರು.

ರೈಟ್, ಅಂದೆ.
ಯಾರಿಗೂ ಕೇಳಿಸಿರಲಿಕ್ಕಿಲ್ಲ.