ಅಂಚು

ಬರ್ಸ್ಲೆಮ್‌ನವರು ಯಾರ ಮನೆಗೆ ಹೋದರೂ
ಮೊದಲು ಬಸಿಯನ್ನು ಮಗುಚಿ ನೋಡುತ್ತಾರೆ:
ತಳದಲ್ಲಿ ಯಾರ ಮುದ್ರೆ, ಯಾವ ಕಾರ್ಖಾನೆ.
ಡೆಸ್ಮಂಡ್ ಬ್ಯಾಗ್ನಲ್ ನನ್ನ ಆಫೀಸಿನಲ್ಲೂ ಅದನ್ನೇ ಮಾಡಿದ.
ಸೂಪರ್‌ಮಾರ್ಕೆಟ್ಟಿನ ಬಸಿ. ಮುದ್ರೆಯಿಲ್ಲ.
ಮರ್ಯಾದಸ್ಥ. ಏನೂ ಅನ್ನದೆ ಮೆಲ್ಲಗೆ ಕೆಳಗಿಟ್ಟ.

ಮೂವತ್ತೆಂಟು ವರುಷ ತಟ್ಟೆಗಳ ಅಂಚು ನಯ ಮಾಡಿದ ಕೈ.
ಈಗ ಆ ಕೈಯಲ್ಲೊಂದು ಕಾಗದ:
ಸಾಯುವ ತನಕ ವರುಷಕ್ಕೆ ಹನ್ನೊಂದು ಸಾವಿರ ಪೌಂಡು,
ಬೆಲೆ ಏರಿದಂತೆ ತುಸು ಏರುತ್ತ;
ಅವನ ನಂತರ ಹೆಂಡತಿಗೆ ಅದರರ್ಧ.
ಇಲ್ಲವೇ, ಅಷ್ಟನ್ನೂ ಬಿಟ್ಟುಕೊಟ್ಟರೆ, ಒಂದೇ ಏಟಿಗೆ
ಮೂರು ಲಕ್ಷದ ಮೂವತ್ತು ಸಾವಿರ.
ಈ ಮಾತಿಗೆ ಆಯಸ್ಸು ಮೂರು ತಿಂಗಳು.

ಕುಂಬಾರನಿಗೆ ಮೂವತ್ತೆಂಟು ವರುಷ,
ಸಹಿಗೆ ನಿಮಿಷ.

ಆ ನಿಮಿಷಕ್ಕೆ ಅಡ್ಡ ಕೂತವಳು ನಾನು.
ನನ್ನನ್ನು ಕೇಳದೆ ಇಷ್ಟು ದೊಡ್ಡ ಗಂಟು ಕದಲುವಂತಿಲ್ಲ, ಕಾನೂನು.
ಹತ್ತರಲ್ಲಿ ಒಂಬತ್ತು ಜನಕ್ಕೆ ಬೇಡ ಅನ್ನುತ್ತೇನೆ.
ಬೇಡ ಅಂದರೂ ಫೀಸು ಅಷ್ಟೇ; ಅದನ್ನು ಮೊದಲೇ ಹೇಳಿಬಿಡುತ್ತೇನೆ,
ಮುಖ ಸಣ್ಣದಾಗುವುದನ್ನು ನೋಡುತ್ತ.
ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು:
ಇದನ್ನೇ ನಾನು ಅರವತ್ತು ಪುಟದಲ್ಲಿ, ಗ್ರಾಫು ಸಮೇತ ಬರೆಯುವುದು.

ಪ್ರಶ್ನೆಗಳು ನಲವತ್ತೊಂದು.
ಮನೆ ಸಾಲ? ತೀರಿದೆ.
ಮಕ್ಕಳು? ಒಬ್ಬಳು, ಕ್ರೂನಲ್ಲಿ, ರೈಲಿನ ಕೆಲಸ.
ಷೇರುಪೇಟೆ ಬಿದ್ದರೆ ನಿದ್ದೆ ಬರುತ್ತದೆಯೇ?
ಗ್ವೆಂಡಾ ನಕ್ಕಳು. "ಇವನಿಗಾ? ಕುದುರೆ ಮೇಲೆ ಐದು ಪೌಂಡು ಕಟ್ಟಿದ ರಾತ್ರಿ
ಮೂರು ಸಲ ಎದ್ದು ನೀರು ಕುಡೀತಾನೆ."
ಮತ್ತೆ ಯಾಕೆ ಈ ಆತುರ?
ಅವನು ಕಿಟಕಿ ನೋಡಿದ.

ಹತ್ತೊಂಬತ್ತನೆಯದು: ಆರೋಗ್ಯ.

"ಚೆನ್ನಾಗಿದೆ," ಅಂದಳು ಅವಳು, ಅವನ ಪರವಾಗಿ,
ಒಗೆದಿಟ್ಟ ಅಂಗಿಯ ಬಗ್ಗೆ ಹೇಳುವ ಹಾಗೆ.
ಪೆನ್ನು ಕಾಗದದ ಮೇಲಿತ್ತು. ಅವನು ಕೆಮ್ಮಿದ.
ಆ ಕೆಮ್ಮು ನನಗೆ ಗೊತ್ತು, ನನ್ನ ಅಜ್ಜನ ಎದೆಯಲ್ಲಿತ್ತು ಅದು.
ಚಕಮಕಿ ಕಲ್ಲಿನ ಪುಡಿ; ಪಿಂಗಾಣಿಗೆ ಬಿಳುಪು ಕೊಡುವಂಥದು
ಶ್ವಾಸಕೋಶದಲ್ಲಿ ಕೂತು
ಬೆಂದ ಮಣ್ಣಿನ ಹಾಗೆ ಗಟ್ಟಿಯಾಗುತ್ತದೆ.

"ಬರೆದುಕೊಳ್ಳಿ," ಅಂದ, ನನ್ನನ್ನು ನೋಡುತ್ತ, ಅವಳಿಗೆ ಹೇಳುತ್ತ.
"ಫೆಬ್ರವರಿಯಲ್ಲಿ ಎಕ್ಸ್‌ರೇ ತೆಗೆದರು. ಐದು ವರುಷ ಅಂದರು.
ಆರಾದರೆ ಪುಣ್ಯ."

ಲೆಕ್ಕ ಅಲ್ಲೇ ಮಗುಚಿಕೊಂಡಿತು.
ಬೇಡ ಅನ್ನಬೇಕಾದ ನಾಲಿಗೆಯ ಮೇಲೆ ಹೌದು ಬಂದು ಕೂತಿತು,
ಆ ಹೌದಿಗೆ ಇದ್ದ ಒಂದೇ ಕಾರಣ
ಅವಳು ಆ ಕ್ಷಣದವರೆಗೆ ಕೇಳಿರದ ಮಾತು.
ಬೇಗ ಸಾಯುವವನಿಗೆ ಗಂಟು ಲಾಭ.
ಇಷ್ಟು ಬೆತ್ತಲೆಯಾಗಿ ಅದನ್ನು ಯಾವ ವರದಿಯಲ್ಲೂ ಬರೆಯುವುದಿಲ್ಲ.

ಗ್ವೆಂಡಾ ಅಳಲಿಲ್ಲ.
ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತಿ,
"ಫೆಬ್ರವರಿ," ಅಂದಳು. "ಬಸ್ಸಲ್ಲಿ ಒಬ್ಬನೇ ಹೋಗಿದ್ದೆಯಾ?"
"ಹ್ಞೂಂ."
"ಆ ದಿನ ಓಟ್‌ಕೇಕು ತಂದಿದ್ದೆ. ಆರು."
"ಹ್ಞೂಂ."
ಆಮೇಲೆ ನನ್ನ ಕಡೆ ತಿರುಗಿ:
"ನಮ್ಮಮ್ಮ ತೊಂಬತ್ತಾರು ವರುಷ ಬದುಕಿದಳು.
ಅದನ್ನು ಬರೆಯಲು ನಿಮ್ಮ ಕಾಗದದಲ್ಲಿ ಜಾಗ ಇದೆಯಾ?"

ಇರಲಿಲ್ಲ. ಅಂಚಿನಲ್ಲಿ ಬರೆದೆ.

ಉಳಿದ ಇಪ್ಪತ್ತೆರಡು ಪ್ರಶ್ನೆಗಳನ್ನು ಆ ದಿನ ಕೇಳಲಿಲ್ಲ.
ಅವರು ಕೋಟು ಹಾಕಿಕೊಂಡು ಇಳಿದು ಹೋದರು,
ಮೆಟ್ಟಿಲಲ್ಲಿ ಎರಡು ಸಲ ನಿಂತು:
ಒಮ್ಮೆ ಅವನ ಉಸಿರಿಗೆ,
ಇನ್ನೊಮ್ಮೆ ಯಾಕೋ, ಮೇಲಿಂದ ತಿಳಿಯಲಿಲ್ಲ.

ಸಂಜೆ ಕಪ್ಪು ತೊಳೆಯುವಾಗ ಬೆರಳಿಗೆ ಸಿಕ್ಕಿತು,
ನಾಲ್ಕು ವರುಷದಿಂದ ಇದರಲ್ಲೇ ಚಹಾ ಕುಡಿದರೂ
ನನಗೆ ಗೊತ್ತಾಗದಿದ್ದ ಒಂದು ಸಣ್ಣ ಒರಟು, ಅಂಚಿನಲ್ಲಿ.
ಅವನ ಹೆಬ್ಬೆರಳು ಇಡೀ ಹೊತ್ತು
ಅಲ್ಲೇ ತಿರುಗುತ್ತಿತ್ತಲ್ಲ.