ಅರ್ಧ ಇಲ್ಲ

ಆಕಳಿಸಿದರೆ ಸದ್ದು.
ಕಿವಿಯ ಮುಂದೆ, ಬಲಗಡೆ,
ಯಾರೋ ನೆಟಿಕೆ ಮುರಿದ ಹಾಗೆ.
ಪಕ್ಕದ ಕೌಂಟರಿನ ಹಿಲ್ಡಾಬಾಯಿಗೂ ಕೇಳಿಸಿತಂತೆ:
"ಯಾವ ಟಿಚ್‌ಬಟನ್ ಬಿಚ್ಚಿತು ಮಾರಾಯ್ತಿ?"
ದವಡೆ, ಎಂದೆ.
ಹೇಳುವಾಗಲೂ ಒಮ್ಮೆ ಬಿಚ್ಚಿತು.

ಹಂಪನಕಟ್ಟೆಯ ಈ ಅಂಗಡಿಯಲ್ಲಿ
ಹತ್ತೊಂಬತ್ತು ವರ್ಷ ಸೀರೆ ಬಿಡಿಸಿದವಳು ನಾನು.
ಸೇರಿದ ದಿನ ಧನಿಗಳು ಕಲಿಸಿದ್ದು ಒಂದೇ ಪಾಠ:
ಗಿರಾಕಿಗೆ ಇಲ್ಲ ಎನ್ನಬಾರದು.
ಗಿಳಿಹಸಿರು ಕೇಳಿದರೆ ಪಾಚಿಹಸಿರು ತೋರಿಸು,
ಪಾಚಿಯೂ ಮುಗಿದಿದ್ದರೆ ನಗು,
"ಇದರಲ್ಲೇ ಬೇರೆ ಬಣ್ಣ ಇದೆ ಮೇಡಂ" ಎನ್ನು.
ಅರವತ್ತು ಹರಡಿಸಿ, ಒಂದೂ ಹಿಡಿಸದೆ
ಮೆಟ್ಟಿಲಿಳಿದವರ ಬೆನ್ನಿಗೂ
ನಗು.
ಆಮೇಲೆ ಮಡಚು. ಮಡಿಕೆಯ ಮೇಲೆ ಮಡಿಕೆ,
ಹಲ್ಲಿನ ಮೇಲೆ ಹಲ್ಲು.

ಶಟರ್ ಎಳೆದ ಮೇಲೂ ಬಾಯಿ ಮಾತ್ರ ಡ್ಯೂಟಿಯಲ್ಲಿ.
"ರಾತ್ರಿಯಿಡೀ ಅಕ್ಕಿ ಕಡೆದ ಹಾಗೆ ಹಲ್ಲು ಕಡಿಯುತ್ತೀ,"
ಮಗ್ಗುಲಲ್ಲಿ ಮಲಗುವ ತಂಗಿಮಗಳು ಶ್ರಾವ್ಯ,
"ಬೆಳಿಗ್ಗೆ ಆ ಹಿಟ್ಟಲ್ಲೇ ನೀರುದೋಸೆ ಹೊಯ್ಯಿ."

ಮದ್ದು ಹೇಳದವರು ಯಾರು?
ಹಿಲ್ಡಾಬಾಯಿ: ಕಲ್ಲುಪ್ಪು ಹುರಿದು, ಗಂಟು ಕಟ್ಟಿ, ಶಾಖ.
ಕಾವಲಿನ ದೂಮಣ್ಣ: ಲಕ್ಕಿಸೊಪ್ಪು, ತೆಂಗಿನೆಣ್ಣೆಯಲ್ಲಿ ಬಾಡಿಸಿ.
ಬಸ್ಸಿನಲ್ಲಿ ಪಕ್ಕ ಕೂತವಳು, ಹೆಸರೂ ಗೊತ್ತಿಲ್ಲ, ಲವಂಗ.
ಎಲ್ಲ ಮಾಡಿದೆ.
ಉಪ್ಪಿನ ಗಂಟು ಒಳ್ಳೆಯದೇ,
ಸ್ವಲ್ಪ ಹೊತ್ತು ಕೆನ್ನೆ ಯಾರದೋ ಅಂಗೈಯಲ್ಲಿದ್ದಂತೆ.
(ಅಂಥದೊಂದು ಅಂಗೈ ಇತ್ತು. ಆ ಮಾತು ಬೇಡ.)
ಸೊಪ್ಪಿನ ವಾಸನೆಗೆ
ಸಿಟಿಬಸ್ಸಿನಲ್ಲಿ ಧಾರಾಳ ಜಾಗ ಸಿಕ್ಕಿತು.

ಸಾಂತಾಣಿ ಬಿಟ್ಟೆ. ಕೋರಿರೊಟ್ಟಿ ಬಿಟ್ಟೆ.
ಬಿಟ್ಟೆ ಎನ್ನುವುದು ಬಾಯಿಮಾತು,
ರೊಟ್ಟಿ ಸಾರಿನಲ್ಲಿ ಮುಳುಗಿ ಮೆತ್ತಗಾಗುವ ತನಕ
ಕಾಯುವುದನ್ನು ಕಲಿತೆ.
ಉಳಿದ ದಿನ ಕುಚ್ಚಲಕ್ಕಿ ಗಂಜಿ,
ಮಾವಿನಮಿಡಿಯನ್ನು ನೆಕ್ಕಿ, ಮಗುವನ್ನು ಮಲಗಿಸಿದಂತೆ
ತಟ್ಟೆಯ ಬದಿಗೆ.

ಕೊನೆಗೆ ವೆನ್ಲಾಕ್. ಚೀಟಿ, ಬೆಂಚು, ಮತ್ತೊಂದು ಬೆಂಚು.
ತಲಶ್ಶೇರಿಯ ಹುಡುಗಿ, ಇನ್ನೂ ಓದುತ್ತಿರುವವಳು,
ಎರಡು ಬೆರಳನ್ನು ನನ್ನ ಕಿವಿಯ ಮುಂದಿಟ್ಟು
ತೆರೆಯಿರಿ, ಮುಚ್ಚಿ, ಎಂದಳು.
ಬಡಗಿ ಬಾಗಿಲ ಕೀಲಿಗೆ ಕಿವಿಗೊಟ್ಟಂತೆ ಕೇಳಿದಳು.
ಅವಳ ಕನ್ನಡ ಹದಿನೈದು ಪದ,
ನನ್ನ ಮಲಯಾಳ ಓಣಂ ಡಿಸ್ಕೌಂಟಿನಷ್ಟು.
ನಾಲಿಗೆ ಎಲ್ಲಿಡಬೇಕೆಂದು ಹೇಳಲಾರದೆ ತಡಕಾಡಿ
ಥಟ್ಟನೆ ಇಬ್ಬರಿಗೂ ಸಲ್ಲುವ ಶಬ್ದವೊಂದನ್ನು ಹಿಡಿದಳು:
"ಇಲ್ಲ ಹೇಳಿ."
ಏನು ಇಲ್ಲ?
"ಒನ್ನುಮಿಲ್ಲ. ಸುಮ್ಮನೆ, ಇಲ್ಲ. ಅರ್ಧಕ್ಕೆ ನಿಲ್ಲಿಸಿ."

ಇಲ್‌...
ನಾಲಿಗೆಯ ತುದಿ ಮೇಲೆ ಹೋಗಿ
ಹಲ್ಲಿನ ಹಿಂದಿನ ದಿಣ್ಣೆಯಲ್ಲಿ ತಂಗಿತು.
ಮೇಲಿನ ಸಾಲು ಕೆಳಗಿನದಕ್ಕೆ ತಾಗಲಿಲ್ಲ,
ನಡುವೆ ಒಂದು ಅಕ್ಕಿಕಾಳು ಮಲಗುವಷ್ಟು ಗಾಳಿ.
"ತುಟಿ ಮುಚ್ಚಿ. ಅಲ್ಲೇ ಇರಿ. ಉಸಿರು ಮೂಗಿನಲ್ಲಿ."
ಇದ್ದೆ.
ಗೋಡೆಯ ಫ್ಯಾನು ಮೂರು ಸಲ ಅತ್ತಿತ್ತ ನೋಡಿತು.

ಬಸ್ಸಿನಲ್ಲಿ ಒಂದೊಂದಾಗಿ ಪರೀಕ್ಷಿಸಿದೆ.
ತುಳುವಿನ ಇಜ್ಜಿಗೆ ಹಲ್ಲು ಸೇರಿಯೇಬಿಡುತ್ತವೆ,
ಮನೆಮಾತು, ಏನು ಮಾಡುವುದು.
ಹಿಲ್ಡಾಬಾಯಿಯ ನಾ ಪರವಾಗಿಲ್ಲ,
ಬಾಯಿ ಮಾತ್ರ ಬೇಗ ತೆರೆದುಕೊಳ್ಳುತ್ತದೆ.
ಮುಂದಿನ ಸೀಟಿನ ಹುಡುಗ
ತಿರುಗಿ ನೋಡಿ, ಇಯರ್‌ಫೋನ್ ಹಾಕಿಕೊಂಡ.

ಈಗ ಸೀರೆ ಹರಡುವಾಗೆಲ್ಲ ಬಾಯೊಳಗೆ ಅದೇ ಅರ್ಧ.
ಧನಿಗಳಿಗೆ ಕಾಣುವುದು ತುಟಿ ಮುಚ್ಚಿದ ನಗು.
ನಿನ್ನೆ ಸುರತ್ಕಲ್ಲಿನ ಮದುಮಗಳ ತಾಯಿ
ನವಿಲುನೀಲಿ, ಅಂಚು ಸಪೂರ, ಇದೆಯಾ ಅಂದರು.
ನಾಲಿಗೆ ಅಲ್ಲೇ ಕಾದು ಕೂತಿತ್ತು,
ಉಳಿದರ್ಧ ತಾನಾಗಿ ಇಳಿಯಿತು.
ಹಿಲ್ಡಾಬಾಯಿಯ ಕೈಯಲ್ಲಿ ಗಜಕಡ್ಡಿ ನಿಂತಿತು.
"ಹೌದಾ, ಸರಿ ಬಿಡಿ," ಎಂದು ಆಕೆ
ಕೊಡೆ ಎತ್ತಿಕೊಂಡು ಹೊರಟರು. ಅಷ್ಟೇ.
ಮಡಚಲು ಒಂದೂ ಇರಲಿಲ್ಲ.

ಸದ್ದು ಹೋಗಿಲ್ಲ.
ಬೆಳಿಗ್ಗೆ ಹಾಸಿಗೆ ಸುತ್ತುತ್ತ ಶ್ರಾವ್ಯ ದೂರುತ್ತಾಳೆ:
"ಹಿಟ್ಟು ಈಗೀಗ ತರಿ ದೊಡ್ಡಮ್ಮ,
ಮೊದಲಿನಷ್ಟು ನುಣ್ಣಗಿರುವುದಿಲ್ಲ."